ಆಟಕ್ಕುಂಟು

ಮಡಗಾಂವಿನ ಆಸ್ಪತ್ರೆಯ ಹಿಂಬದಿ, ಜನರೇಟರಿನ ಪಕ್ಕದ ಕೋಣೆ.
ಫ್ಯಾನಿದೆ, ಗಾಳಿಯಿಲ್ಲ.
ಸಕ್ಕರೆ ಕಾಯಿಲೆಗೆ ಹೊಸ ಸೂಜಿಮದ್ದು,
ವಾರಕ್ಕೊಂದು, ಹೊಟ್ಟೆಗೆ.
ನನ್ನ ಕೆಲಸ ಹೆಸರು ಬರೆದುಕೊಳ್ಳುವುದು, ಆಮೇಲೆ
ಹೆಸರು ಮುಚ್ಚಿ ನಂಬರು ಕೊಡುವುದು.

ಕೈತಾನಿ ಸಿದ್ದಿ ಬಂದದ್ದು ಹತ್ತೊಂಬತ್ತನೆಯವಳಾಗಿ,
ಬೆತಾಲಭಾಟಿಯಲ್ಲಿ ಯಾರದೋ ಮನೆಯ ಪಾತ್ರೆ ಮುಗಿಸಿ.
ಕನ್ನಡದ ಒಪ್ಪಿಗೆ ಪತ್ರ ಓದಿ ಹೇಳಿದೆ, ಹದಿನಾಲ್ಕು ಪುಟ.
‘ಸ್ವಯಂಪ್ರೇರಿತ ಪಾಲ್ಗೊಳ್ಳುವಿಕೆ’ ಬಂದಲ್ಲಿ ಕೈಯೆತ್ತಿ ತಡೆದಳು:
‘ಅಕ್ಕಾರ, ಇದು ಯಾವ ಭಾಷಾರಿ?’
ಧಾರವಾಡದವಳು ನಾನು, ನಾಚಿದೆ.
‘ಮನಸಿದ್ರ ಬಾ, ಇಲ್ಲಂದ್ರ ಬಿಡು ಅಂತ.’
‘ಮತ್ತ ಹಂಗ ಬರೀಬೇಕಿಲ್ರಿ?’

ಪರದೆಯ ಮೇಲೆ ‘ವಂಶ’ ಅಂತೊಂದು ಖಾನೆ.
ಒತ್ತಿದರೆ ನಾಲ್ಕು ಸಾಲು ಕೆಳಗಿಳಿಯುತ್ತವೆ:
ಏಷ್ಯನ್, ಕರಿಯ, ಬಿಳಿಯ, ಇತರೆ.
ಒಂದನ್ನೇ ಒತ್ತಬೇಕು.
ಎರಡೊತ್ತಿದರೆ ಮುಂದಿನ ಪುಟ ಬಾರದು.

ಏನು ಬರೀಲಿ ಎಂದು ಕೇಳಿದೆ. ಕುರ್ಚಿ ಎಳೆದುಕೊಂಡು ಕೂತಳು.
‘ಮುತ್ತಜ್ಜನ ಮುತ್ತಜ್ಜ ಇದೇ ಗೋವಾದಾಗ ಹಡಗ ಇಳದಾನಂತ್ರಿ,
ಕೊಳ್ಳಾಗ ಹಗ್ಗ.
ಒಂದ ರಾತ್ರಿ ಘಟ್ಟ ಹತ್ತಿ ಓಡಿದ.
ನಾವು ನೋಡ್ರಿ, ರೊಕ್ಕ ಕೊಟ್ಟು ಬಸ್ ಹತ್ತಿ ತಿರಗಿ ಬಂದೇವಿ.’
ನಕ್ಕಳು. ನಾನು ನಗಬೇಕೋ ಬೇಡವೋ ತಿಳಿಯದೆ
ಕೀಲಿಮಣೆಯ ಧೂಳು ಒರೆಸಿದೆ.
‘ಹಳಿಯಾಳ ಕಚೇರ್ಯಾಗ ಪಂಗಡ, ಇಗರ್ಜ್ಯಾಗ ಕ್ರಿಸ್ತಾಂವ,
ಇಲ್ಲಿ ಬಸ್ನ್ಯಾಗ ನೈಜೀರಿಯಾ ಅಂತಾರ.
ನಿಮ್ಮ ಡಬ್ಬ್ಯಾಗ ಏನು ಹಿಡೀತದ ಅದನ್ನ ಬರೀರಿ.’

ಪುಣೆಗೆ ಫೋನು ಹಚ್ಚಿದೆ. ಆ ಕಡೆಯಿಂದ ಕರ್ಮರ್ಕರ್:
‘ಭಾರತದವಳೇ ತಾನೇ? ಏಷ್ಯನ್ ಒತ್ತಿ, ಮುಗೀತಲ್ಲ.’
ಒತ್ತಿದೆ. ಮುಗಿಯಿತು.
ಮುಂದಿನ ಪುಟ ಥಟ್ಟನೆ ಬಂತು.

ಮೂರನೇ ಸೂಜಿಯ ಮರುದಿನ ರಜೆ ಹಾಕಿ ಬಂದಳು.
‘ಉರಿ ಐತ್ರಿ, ಕೆಂಡ ಇಟ್ಟಂಗ.’
ಕಪಾಟಿನಿಂದ ಕಾರ್ಡು ತೆಗೆದೆ: ನುಣ್ಣನೆ ಗುಲಾಬಿ ಹೊಟ್ಟೆಗಳು,
ಯಾವೂರಿನವೋ, ಒಂದರ ಪಕ್ಕ ಒಂದು,
ತಿಳಿಗೆಂಪು, ನಡುಗೆಂಪು, ಕಡುಗೆಂಪು.
ಪ್ಲಾಸ್ಟಿಕ್ಕಿನ ಅಳತೆಪಟ್ಟಿ ಹಿಡಿದು ಅವಳ ಹೊಟ್ಟೆಯ ಮೇಲೆ
ಕೆಂಪಿನ ಅಂಚು ಹುಡುಕಿದೆ.
ಕಪ್ಪಿನಲ್ಲಿ ಇನ್ನೊಂದು ಕಪ್ಪಿತ್ತು, ಕಂಡೂ ಕಾಣದ ಹಾಗೆ.
ಬೆರಳಿಟ್ಟರೆ ಬಿಸಿ,
ಈಗಷ್ಟೇ ಒಲೆಯಿಂದಿಳಿಸಿದ ಹಂಚಿನಷ್ಟು.

ಫಾರ್ಮು ಕೇಳಿದ್ದು ಕೆಂಪನ್ನು.
ಬರೆದೆ: ಸೊನ್ನೆ ಮಿಲಿಮೀಟರು.
ಅಂಚಿನಲ್ಲಿ ಪೆನ್ಸಿಲ್ಲಿನಿಂದ, ‘ಮುಟ್ಟಿದರೆ ಸುಡುತ್ತದೆ.’
ತಪಾಸಣೆಗೆ ಬಂದ ಹುಡುಗ ಅದನ್ನು ಉಜ್ಜಿ ಅಳಿಸಿದ,
ಒಳ್ಳೆಯವನೇ, ತನ್ನ ರಬ್ಬರನ್ನು ನನಗೇ ಬಿಟ್ಟು ಹೋದ:
‘ಮೇಡಂ, ಇದಕ್ಕೆ ಖಾನೆ ಇಲ್ಲ.’

ವರ್ಷದ ಮೇಲೆ ಕೋಷ್ಟಕ ಬಂತು. ಎಷ್ಟೋ ದೇಶ, ಎಷ್ಟೋ ಸಾವಿರ.
ಏಷ್ಯನ್ನರಲ್ಲಿ ಚರ್ಮದ ತೊಂದರೆ ಅತಿ ಕಡಿಮೆ.
ಹತ್ತೊಂಬತ್ತನ್ನು ಹುಡುಕಿದೆ.
ಸರಾಸರಿಯೊಳಗೆ ಕರಗಿರಬೇಕು,
ಸಾರಿಗೆ ಹಾಕಿದ ಉಪ್ಪಿನ ಹಾಗೆ ಅನ್ನೋಣವೆಂದರೆ
ಉಪ್ಪು ನಾಲಗೆಗಾದರೂ ಗೊತ್ತಾಗುತ್ತದೆ.

ಮೊನ್ನೆ ಮೀನು ಮಾರ್ಕೆಟ್ಟಿನ ಮುಂದೆ ಸಿಕ್ಕಳು,
ಚೀಲದಲ್ಲಿ ಬಾಂಗಡೆ, ತಲೆಗೆ ನೀಲಿ ವಸ್ತ್ರ.
‘ಏನಾತ್ರಿ ಅಕ್ಕಾರ ನಮ್ಮ ಪರೀಕ್ಷಾ? ಪಾಸೇನ್ರಿ?’
‘ಪಾಸಾತು,’ ಅಂದೆ. ‘ಮದ್ದು ಪೇಟೆಗೆ ಬರ್ತದ. ನೀನೂ ಇದ್ದೀ ಅದರಾಗ.’
ಚೂರು ಹೊತ್ತು ನನ್ನನ್ನೇ ನೋಡಿದಳು,
ಚೌಕಾಸಿಗೆ ಮುಂಚೆ ಮೀನಿನ ಕಿವಿರು ಎತ್ತಿ ನೋಡುವ ಹಾಗೆ.
‘ಆಟಕ್ಕುಂಟು ಅನ್ರಿ,’ ಅಂದು
ಬಾಂಗಡೆಯ ಚೀಲವನ್ನು ಎಡಗೈಗೆ ದಾಟಿಸಿದಳು.

ಉಳಿದರ್ಧ ಅವಳು ಹೇಳಲಿಲ್ಲ.
ನನಗೆ ಗೊತ್ತಿತ್ತು, ಚಿಕ್ಕಂದಿನಲ್ಲಿ
ಅದನ್ನು ತಂಗಿಗೆ ಹೇಳುತ್ತಿದ್ದವಳು ನಾನೇ.